ಬಿಗಿ ಮಾಡಿದಷ್ಟೂ ಆಡುವ ಜೀಪು

ಹಳೇ ಜೀಪು ರೋಡಲ್ಲಿ ನೇರ ನಿಲ್ಲುತ್ತಿಲ್ಲ ಅಂತ ಮಲೆನಾಡಿನ ಯಾವ ಗ್ಯಾರೇಜಿಗೆ ಹೋಗಿ ಹೇಳಿದರೂ ಎರಡು ಉತ್ತರಗಳಲ್ಲಿ ಒಂದು ಸಿಗುತ್ತದೆ. ಒಂದು, "ಜೀಪ್ ಅಂದ್ಮೇಲೆ ಅಷ್ಟು ಆಡೇ ಆಡುತ್ತೆ ಬಿಡಿ ಸಾರ್." ಇನ್ನೊಂದು, "ಬಾಕ್ಸ್ ಟೈಟ್ ಮಾಡಿ ಕೊಡ್ತೀನಿ, ಸರಿ ಹೋಗುತ್ತೆ." ಮೊದಲನೆಯದರಲ್ಲಿ ಅರ್ಧ ನಿಜ ಇದೆ. ಎರಡನೆಯದು ಎಷ್ಟೋ ಒಳ್ಳೆಯ ಸ್ಟೀರಿಂಗ್ ಬಾಕ್ಸುಗಳನ್ನು ಗುಜರಿಗೆ ಕಳಿಸಿದೆ.

ಎಸ್ಟೇಟ್ ರಸ್ತೆಯಲ್ಲಿ ಈ ಕಾಯಿಲೆ ಗೊತ್ತೇ ಆಗುವುದಿಲ್ಲ. ಎರಡನೇ ಗೇರಿನಲ್ಲಿ, ಕಲ್ಲಿನ ಮೇಲೆ ಕುಣಿಯುತ್ತಾ ಹೋಗುವಾಗ ಸ್ಟೀರಿಂಗ್ ಹೇಗೂ ಕೈಯಲ್ಲಿ ಒದ್ದಾಡುತ್ತಿರುತ್ತದೆ. ಗಾಡಿ ನೇರ ಹೋಗುತ್ತಿದೆಯಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ಜೀಪನ್ನು ಹಾಸನ ದಾಟಿಸಿ ನೆಲಮಂಗಲದ ಕಡೆ ನಾಲ್ಕು ಪಥದ ಹೆದ್ದಾರಿಯಲ್ಲಿ ಅರವತ್ತಕ್ಕೆ ಏರಿಸಿ ನೋಡಿ. ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು. ಪಕ್ಕದಲ್ಲಿ ಲಾರಿ ಹೋದರೆ ಅದರ ಕಡೆಗೇ ವಾಲುತ್ತದೆ. ಸರಿ ಮಾಡಲು ತಿರುಗಿಸಿದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಜಾಸ್ತಿ ಆಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಜೀಪು ಕೊಂಡು ಬೆಂಗಳೂರಿಗೆ ಓಡಿಸಿಕೊಂಡು ಹೋಗುವವರಿಗೆ ಮೊದಲ ಸತ್ಯದರ್ಶನ ಆಗುವುದು ಈ ದಾರಿಯಲ್ಲೇ.

ನನ್ನದು ಸಿಜೆ-3ಬಿ ಮೂಲದ ಜೀಪು. ಎತ್ತರದ ಬಾನೆಟ್ಟು, ಹಿಂದೆ ಮುಂದೆ ಕಮಾನ್ ಪಟ್ಟಿಯ ಸ್ಪ್ರಿಂಗು, ಎರಡು ಕಡೆಯೂ ಗಟ್ಟಿ ಹೌಸಿಂಗ್ (ಎಡ ಬಲ ಚಕ್ರಗಳನ್ನು ಜೋಡಿಸುವ ಆಕ್ಸಲ್), ನಾಲ್ಕೂ ಡ್ರಮ್ ಬ್ರೇಕು, ಪವರ್ ಸ್ಟೀರಿಂಗ್ ಇಲ್ಲ. ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿದರು. ಅಮೆರಿಕದಲ್ಲಿ ಸಿಜೆ-3ಬಿ 1953ರಲ್ಲಿ ಬಂದು 1968ಕ್ಕೆ ನಿಂತುಹೋಯಿತು. ನಮ್ಮಲ್ಲಿ ಆ ಮೈಕಟ್ಟು ಅದಾದ ಮೇಲೂ ಬಹಳ ವರ್ಷ ಬದುಕಿತು. ಹಾಗಾಗಿ ಕಾಫಿ ಸೀಮೆಯ ಶೆಡ್ಡುಗಳಲ್ಲಿ ಇವತ್ತಿಗೂ ಓಡುತ್ತಿರುವ ಎಷ್ಟೋ ಜೀಪುಗಳ ಮುಂಭಾಗದ ಲೆಕ್ಕಾಚಾರ ಹೆಚ್ಚು ಕಡಿಮೆ ಎರಡನೇ ಮಹಾಯುದ್ಧದ ಕಾಲದ್ದು.

ಆ ಲೆಕ್ಕಾಚಾರದಲ್ಲೇ "ಅರ್ಧ ನಿಜ" ಇರುವುದು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವುದು 80 ಇಂಚು, ಅಂದರೆ 2 ಮೀಟರಿಗಿಂತ ಚೂರು ಜಾಸ್ತಿ. ಇಷ್ಟು ಗಿಡ್ಡ ಗಾಡಿ ಸಣ್ಣ ತಿರುವಿಗೂ ಬೇಗ ತಿರುಗುತ್ತದೆ. ತೋಟದ ಹೇರ್‌ಪಿನ್ ತಿರುವಿನಲ್ಲಿ ಅದೇ ವರ. ಹೆದ್ದಾರಿಯಲ್ಲಿ ಅದೇ ಶಾಪ. ಮೇಲಿಂದ ಗೋಡೆಯ ಹಾಗೆ ನೆಟ್ಟಗಿರುವ ಗಾಜು, ಕಿರಿದಾದ ಚಕ್ರಗಳ ಅಗಲ, ಟಾರ್ಪಾಲಿನ ಮೇಲೆ ಬೀಸುವ ಗಾಳಿ. ಹೊಸದಾಗಿ ಶೋರೂಮಿನಿಂದ ಬಂದ ದಿನವೂ ಇದು ಕಾರಿನ ಹಾಗೆ ಹೋಗಿರಲಾರದು. ಆದರೆ ಎರಡೂ ಕೈಯಲ್ಲಿ ಕುಸ್ತಿ ಮಾಡುವ ಹಾಗೂ ಇರಲಿಲ್ಲ. ಸರಿಯಾಗಿರುವ ಜೀಪು ಅರವತ್ತರಲ್ಲಿ ಒಂದು ಕೈಗೆ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಏನೋ ಕೆಟ್ಟಿದೆ ಅಂತಲೇ ಅರ್ಥ.

ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು. ಜೀಪು ಆಡುತ್ತಿದೆ ಎಂದಾಗ ನಮ್ಮ ತಲೆ ಸೀದಾ ಸಡಿಲದ ಕಡೆ ಓಡುತ್ತದೆ. ಎಲ್ಲೋ ಲೂಸ್ ಆಗಿದೆ, ಬಿಗಿ ಮಾಡೋಣ ಅಂತ. ಆದರೆ ಬಿಗಿಯಾದ ಸ್ಟೀರಿಂಗೂ ಗಾಡಿಯನ್ನು ಆಡಿಸುತ್ತದೆ. ಕೈಗೆ ಎರಡೂ ಹತ್ತಿರ ಹತ್ತಿರ ಒಂದೇ ಥರ ಅನ್ನಿಸುತ್ತವೆ. ಔಷಧಿ ಮಾತ್ರ ಪೂರ್ತಿ ಉಲ್ಟಾ. ಇದನ್ನು ಬೇರೆ ಮಾಡಿ ನೋಡದೆ ಸ್ಪ್ಯಾನರ್ ಹಿಡಿದರೆ ರೋಗ ಹೆಚ್ಚುವುದೇ ಸೈ.

ಬೇರೆ ಮಾಡುವುದು ಕಷ್ಟವೇನಲ್ಲ. ಒಂದು ಖಾಲಿ ಮೈದಾನ ಬೇಕು, ಶಾಲೆಯದ್ದಾದರೂ ಸರಿ, ಭಾನುವಾರ. ಹದಿನೈದು, ಇಪ್ಪತ್ತರ ವೇಗದಲ್ಲಿ ಸ್ಟೀರಿಂಗನ್ನು ಅರ್ಧ ಸುತ್ತು ತಿರುಗಿಸಿ ಕೈ ಸಡಿಲ ಬಿಡಿ. ಅದು ತಾನಾಗೇ ವಾಪಸ್ ಬಂದು ನೇರದ ಹತ್ತಿರ ನಿಂತರೆ ಒಳ್ಳೆಯದು. ಹಾಗೆ ವಾಪಸ್ ಬಂದೂ, ನಡುವಿನಲ್ಲಿ ಸ್ಟೀರಿಂಗ್ ಅಲ್ಲಾಡಿಸಿದರೆ ಚಕ್ರಕ್ಕೆ ಸುದ್ದಿಯೇ ಮುಟ್ಟದ ಜಾಗ ಇದ್ದರೆ, ಅದು ಸಡಿಲ. ಬಿಟ್ಟಲ್ಲೇ ಬಿಟ್ಟ ಹಾಗೆ ನಿಂತುಕೊಂಡು, ಗಾಡಿ ಸುತ್ತುತ್ತಲೇ ಇದ್ದರೆ, ಅದು ಬಿಗಿ ಅಥವಾ ಕ್ಯಾಸ್ಟರ್ (ಚಕ್ರವನ್ನು ನೇರಕ್ಕೆ ತರುವ ಒರಗು, ಆಮೇಲೆ ಹೇಳುತ್ತೇನೆ) ಕೊರತೆ. ನನ್ನ ಜೀಪು ಬಿಟ್ಟಲ್ಲೇ ನಿಂತಿತ್ತು. ಕೊಂಡಾಗಿನಿಂದ ನೋಡಿದ ಪ್ರತಿಯೊಬ್ಬರೂ "ಪ್ಲೇ ಇದೆ" ಅನ್ನುತ್ತಿದ್ದರು, ಅಂದರೆ ಸ್ಟೀರಿಂಗ್ ಸಡಿಲ ಆಡುತ್ತದೆ ಅಂತ. ಪ್ಲೇ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದು ದೊಡ್ಡ ಕಾಯಿಲೆ ಆಗಿರಲಿಲ್ಲ.

ಆಮೇಲೆ ಕೇಳಿಕೊಳ್ಳಬೇಕಾದ್ದು, ಯಾವಾಗ ಆಡುತ್ತದೆ ಅಂತ. ಬ್ರೇಕ್ ಒತ್ತಿದಾಗ ಮಾತ್ರ ಒಂದು ಕಡೆ ಎಳೆದರೆ ಅದು ಸ್ಟೀರಿಂಗಿನ ಕಥೆಯೇ ಅಲ್ಲ. ಒಂದು ಡ್ರಮ್ಮಿನೊಳಗೆ ಎಣ್ಣೆ ಅಥವಾ ಗ್ರೀಸ್ ಸೋರಿ ಲೈನರ್ ನೆನೆದಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಹೋದರೆ ಹಿಂದಿನ ಹೌಸಿಂಗ್ ಜಾಗ ಬಿಟ್ಟಿದೆ. ಗುಂಡಿಗೆ ಇಳಿದಾಗ ಸ್ಟೀರಿಂಗ್ ತಾನಾಗೇ ತಿರುಗಿದರೆ ರಾಡುಗಳ ಕೋನ ಸರಿಯಿಲ್ಲ. ಯಾವಾಗಲೂ ಒಂದೇ ಸಮ ಎಡಕ್ಕೇ ಹೋಗುತ್ತಿದ್ದರೆ ಮೊದಲು ರಸ್ತೆಯನ್ನು ನೋಡಿ. ನಮ್ಮ ರಸ್ತೆಗಳು ಮಳೆನೀರು ಹರಿದುಹೋಗಲಿ ಅಂತ ಅಂಚಿಗೆ ಇಳಿಜಾರಾಗಿರುತ್ತವೆ. ನಾವು ಎಡಗಡೆ ಓಡಿಸುತ್ತೇವೆ. ಸ್ವಲ್ಪ ಎಡಕ್ಕೆ ಎಳೆಯುವುದು ಸಹಜ. ಇವೆಲ್ಲಾ ಬಿಟ್ಟು ಎಡ, ಬಲ ಎರಡೂ ಕಡೆ ಸುಮ್ನೆ ಅಲೆಯುವುದೇ ನಾವು ಹುಡುಕುತ್ತಿರುವ ರೋಗ.

ಟಯರ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಶುರು ಮಾಡಬೇಕಾದ್ದು ಅಲ್ಲಿಂದಲೇ, ಯಾಕೆಂದರೆ ಅದಕ್ಕೆ ಖರ್ಚಿಲ್ಲ. ಮಳೆಗಾಲದಲ್ಲಿ ಕೆಸರಿಗೆ ಅಂತ ಗಾಳಿ ಇಳಿಸಿರುತ್ತೇವೆ, ಮತ್ತೆ ತುಂಬಿಸುವುದು ಮರೆತಿರುತ್ತೇವೆ. ಎಡ ಬಲಕ್ಕೆ ಐದಾರು ಪಾಯಿಂಟ್ ವ್ಯತ್ಯಾಸ ಇದ್ದರೂ ಗೊತ್ತಾಗುತ್ತದೆ. ಇನ್ನು ಟಯರಿನ ಜಾತಿ. ಈ ಜೀಪಿಗೆ ಮೂಲದಲ್ಲಿ ಬರುತ್ತಿದ್ದದ್ದು 6.00-16 ನೈಲಾನ್ ಟಯರು. ಅದರ ಗೋಡೆ ಗಟ್ಟಿ, ರಸ್ತೆಯ ಗೆರೆ, ಗಾಡಿ ಜಾಡು ಸಿಕ್ಕಿದರೆ ಅದನ್ನೇ ಹಿಡಿದು ಹೋಗುತ್ತದೆ. ಬಟನ್ ಟಯರಾದರೆ ಇನ್ನೂ ಜಾಸ್ತಿ, ಒಂದೊಂದು ಗುಬ್ಬಿಯೂ ಡಾಂಬರಿನ ಮೇಲೆ ಬಾಗುತ್ತದೆ. ರೇಡಿಯಲ್ ಹಾಕಿದರೆ ಅರ್ಧ ಅಲೆತ ಅಲ್ಲೇ ನಿಂತುಹೋಗುವ ಜೀಪುಗಳನ್ನು ನೋಡಿದ್ದೇನೆ. ಆದರೆ ಮುಂದೆ ರೇಡಿಯಲ್, ಹಿಂದೆ ನೈಲಾನ್ ಅಂತ ಬೆರೆಸಿದ ಗಾಡಿಯನ್ನು ನಾನು ಹತ್ತುವುದಿಲ್ಲ. ಅದು ಅಲೆಯುವುದಷ್ಟೇ ಅಲ್ಲ, ಒದ್ದೆ ತಿರುವಿನಲ್ಲಿ ಹಿಂಭಾಗ ಮುಂದಕ್ಕೆ ಬರುತ್ತದೆ.

ಟಯರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯ ಎರಡು ವರ್ಷ. ಎಸ್ಟೇಟ್ ಗಾಡಿ ಓಡುವುದೇ ಕಮ್ಮಿ, ಹಾಗಾಗಿ ಟಯರಿನ ಬಟನ್ ಸವೆಯದೆ ಪೂರ್ತಿ ಇರುತ್ತದೆ, ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಪರೀಕ್ಷೆ ಸುಲಭ. ಮುಂದಿನ ಜೋಡಿಯನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಆಟದ ರೀತಿ ಬದಲಾದರೆ ಟಯರಿನ ಪಾಲು ಇದೆ. ಬದಲಾಗದಿದ್ದರೆ ಕೆಳಗೆ ಮಲಗುವ ಹೊತ್ತು ಬಂತು.

ಮಲಗುವುದಕ್ಕೆ ಇಬ್ಬರು ಬೇಕು. ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ಚಕ್ರ ಎತ್ತಿ ಅಲ್ಲಾಡಿಸುತ್ತಾರಲ್ಲ, ಸಡಿಲ ಹುಡುಕಲು ಅದಕ್ಕಿಂತ ಒಳ್ಳೆಯ ದಾರಿ ಇದೆ. ಚಕ್ರ ನೆಲದ ಮೇಲೇ ಇರಲಿ, ಗಾಡಿಯ ಭಾರ ಅದರ ಮೇಲಿರಲಿ. ಒಬ್ಬ ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಚೂರು ಚೂರೇ ಆಡಿಸುತ್ತಿರಬೇಕು, ಚಕ್ರ ತಿರುಗಿಯೂ ತಿರುಗದ ಹಾಗೆ. ಇನ್ನೊಬ್ಬ ಕೆಳಗೆ ಮಲಗಿ ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟು ಹೋಗಬೇಕು. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಜಾಯಿಂಟಿನ ಈಚೆಗಿನದು ಅಲ್ಲಾಡಿ ಆಚೆಗಿನದು ಸುಮ್ಮನಿದ್ದರೆ ಪ್ಲೇ ಅಲ್ಲೇ.

ಸ್ಟೀರಿಂಗಿನಿಂದ ಚಕ್ರಕ್ಕೆ ದಾರಿ ಹೀಗೆ ಹೋಗುತ್ತದೆ. ಸ್ಟೀರಿಂಗ್ ಕಾಲಮ್ಮಿನಿಂದ ಬಾಕ್ಸ್, ಬಾಕ್ಸಿನಿಂದ ಡ್ರಾಪ್ ಆರ್ಮ್ ಅನ್ನುವ ತೋಳು, ಅಲ್ಲಿಂದ ಡ್ರ್ಯಾಗ್ ಲಿಂಕ್ ಅನ್ನುವ ಸರಳು, ಅದು ಚಾಸಿಯ ಮುಂದಿನ ಅಡ್ಡಪಟ್ಟಿಯ (ಕ್ರಾಸ್ ಮೆಂಬರ್) ಮೇಲೆ ತಿರುಗುವ ಬೆಲ್ ಕ್ರ್ಯಾಂಕ್ ಅನ್ನುವ ತಿರುಗಣಿಗೆ, ಅಲ್ಲಿಂದ ಚಕ್ರ ತಿರುಗಿಸಲು ಎಡಕ್ಕೊಂದು ಬಲಕ್ಕೊಂದು ಟೈ ರಾಡು. ಎಣಿಸಿ ನೋಡಿ, ಸವೆಯುವ ಜಾಗಗಳು ಕೈಬೆರಳಿನಷ್ಟು ಆಗುತ್ತವೆ. ಒಂದೊಂದರಲ್ಲಿ ಕೂದಲೆಳೆಯಷ್ಟು ಬಿಟ್ಟರೂ ಸ್ಟೀರಿಂಗಿಗೆ ಬರುವ ಹೊತ್ತಿಗೆ ಎರಡಿಂಚು. ಅದಕ್ಕೇ ಒಂದು ಟೈ ರಾಡ್ ಎಂಡ್ ಬದಲಾಯಿಸಿ "ಏನೂ ಫರಕ್ ಬಂದಿಲ್ಲ" ಅಂತ ಬೈದುಕೊಳ್ಳುವುದು.

ಇವುಗಳಲ್ಲಿ ಅತಿ ಕೆಟ್ಟ ಹೆಸರು ಬೆಲ್ ಕ್ರ್ಯಾಂಕಿನದು. ಬಂಪರಿನ ಹಿಂದೆಯೇ, ಕೆಸರು ನೇರ ಬಡಿಯುವ ಜಾಗದಲ್ಲಿ ಕೂತಿದೆ. ಅದರ ಪಿನ್ನಿಗೆ ಗ್ರೀಸ್ ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ಹಳ್ಳ ದಾಟಿದ ಪ್ರತಿ ಸಲ ಗ್ರೀಸ್ ಗನ್ ಹಿಡಿಯುವವರು ಎಷ್ಟು ಜನ? ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಅದು ಕುಣಿಯಬಾರದು. ಕುಣಿದರೆ ಬೇರಿಂಗ್, ಪಿನ್ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಬರೀ ಬೇರಿಂಗ್ ಹಾಕಿದರೆ ಸವೆದ ಪಿನ್ನು ಅದನ್ನೂ ತಿಂದುಹಾಕುತ್ತದೆ.

ಎಲ್ಲರೂ ಮರೆಯುವ ಇನ್ನೊಂದು ಜಾಗ, ಬಾಕ್ಸು ಚಾಸಿಗೆ ಕೂರುವ ಕಡೆ. ಬಾಕ್ಸನ್ನೇ ಕೈಯಿಂದ ಮುಟ್ಟಿ ನೋಡಿ. ಸ್ಟೀರಿಂಗ್ ಆಡಿಸಿದಾಗ ಪೂರ್ತಿ ಬಾಕ್ಸೇ ಹಂದಾಡುತ್ತಿದ್ದರೆ ಬೋಲ್ಟ್ ಸಡಿಲ ಆಗಿದೆ, ಇಲ್ಲವೇ ಚಾಸಿ ಬಿರುಕು ಬಿಟ್ಟಿದೆ. ಬಿರುಕನ್ನು ಮಣ್ಣು, ಬಣ್ಣ ಮುಚ್ಚಿರುತ್ತವೆ. ವೈರ್ ಬ್ರಷ್ ಹಾಕಿ ಉಜ್ಜದೆ ಕಾಣುವುದಿಲ್ಲ. ಇಲ್ಲಿ ಬಿರುಕು ಕಂಡರೆ ಬೇರೆ ಎಲ್ಲಾ ಕೆಲಸ ನಿಲ್ಲಿಸಿ, ಗಾಡಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದು ಹೋಗುವುದು ಕ್ಷೇಮ. ಉತ್ಪ್ರೇಕ್ಷೆ ಅಲ್ಲ.

ಚಕ್ರದ ಕಡೆಯ ಸಡಿಲಕ್ಕೆ ಮಾತ್ರ ಜಾಕ್ ಬೇಕು. ಚಕ್ರ ಎತ್ತಿ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಹಬ್ ಬೇರಿಂಗ್, ನಿಲ್ಲದೇ ಹೋದರೆ ಕಿಂಗ್ ಪಿನ್, ಅಂದರೆ ಚಕ್ರ ಎಡ ಬಲಕ್ಕೆ ತಿರುಗುವ ಕೀಲು. ಇಷ್ಟು ಸಣ್ಣ ಉಪಾಯಕ್ಕೆ ಎಷ್ಟೋ ಹಬ್ಬುಗಳು ಸುಮ್ಮಸುಮ್ಮನೆ ಬಿಚ್ಚಿಸಿಕೊಳ್ಳುವುದು ತಪ್ಪುತ್ತದೆ.

ಇಷ್ಟೂ ಸಡಿಲದ ಕಥೆ. ಇದು ಎಲ್ಲರಿಗೂ ಗೊತ್ತಿರುವುದೇ. ಬಿಗಿಯ ಕಥೆಗೆ ಬರೋಣ.

ಸ್ಟೀರಿಂಗ್ ಬಾಕ್ಸಿನ ಒಳಗೆ ಹಲ್ಲುಗಳ ಹಿಡಿತ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ನಟ್ಟನಡುವೆ, ಗಾಡಿ ನೇರ ಹೋಗುವ ಜಾಗದಲ್ಲಿ, ಹಿಡಿತ ಬಿಗಿ. ಎರಡು ಬದಿಗೆ ಹೋದ ಹಾಗೆ ಸ್ವಲ್ಪ ಸಡಿಲ. ಆದರೆ ಗಾಡಿ ಬಹುಪಾಲು ನೇರವೇ ಹೋಗುವುದರಿಂದ ಸವೆಯುವುದೂ ನಡುವೆಯೇ. ಇಪ್ಪತ್ತು ವರ್ಷದ ಮೇಲೆ ನಡುವೆ ಸಡಿಲ, ಬದಿಯಲ್ಲಿ ಇನ್ನೂ ಗಟ್ಟಿ. ಆಗ ಮೇಸ್ತ್ರಿ ಬದಿಯ ಸ್ಕ್ರೂ ತಿರುಗಿಸಿ ನಡುವಿನ ಪ್ಲೇ ಪೂರ್ತಿ ತೆಗೆಯುತ್ತಾರೆ. ನಡುವೆ ಸರಿಯಾಯಿತು, ಬದಿಯಲ್ಲಿ ಸಿಕ್ಕಿಕೊಂಡಿತು. ಗ್ಯಾರೇಜಿನೊಳಗೆ ನಿಂತು ಅಲ್ಲಾಡಿಸಿದರೆ ಪ್ಲೇ ಇಲ್ಲ, ದುಡ್ಡು ಕೊಟ್ಟು ಬರುತ್ತೀರಿ. ಹೆದ್ದಾರಿಯಲ್ಲಿ ಚೂರು ಎಡಕ್ಕೆ ತಿರುಗಿಸಿದರೆ ಸ್ಟೀರಿಂಗ್ ಎಡದಲ್ಲೇ ಉಳಿಯುತ್ತದೆ. ನೀವು ಅದನ್ನು ಎಳೆದು ತರಬೇಕು. ಎಳೆದಾಗ ನಡುವನ್ನು ದಾಟಿ ಬಲಕ್ಕೆ ಹೋಗಿ ಅಲ್ಲಿ ನಿಲ್ಲುತ್ತದೆ. ಮತ್ತೆ ಎಳೆಯಬೇಕು. ಇದೇ ಅಲೆತ. ಲೂಸ್ ಇದ್ದಾಗ ಇದ್ದದ್ದಕ್ಕಿಂತ ಕಡೆ.

ನನ್ನ ಜೀಪಿನಲ್ಲಿ ಆ ಸ್ಕ್ರೂವಿನ ತಲೆ ಉರುಟಾಗಿಹೋಗಿತ್ತು. ಅಷ್ಟು ಜನ ತಿರುಗಿಸಿದ್ದಾರೆ. ಊರಿನ ಹಿರಿಯ ಮೇಸ್ತ್ರಿಯೊಬ್ಬರು ಅದನ್ನು ನೋಡಿ, "ಇದಕ್ಕೆ ಔಷಧಿ ಕೊಟ್ಟವರೇ ಜಾಸ್ತಿ, ನಾಡಿ ನೋಡಿದವರು ಯಾರೂ ಇಲ್ಲ ಸಾರ್" ಅಂದರು. ಡ್ರ್ಯಾಗ್ ಲಿಂಕನ್ನು ಡ್ರಾಪ್ ಆರ್ಮಿನಿಂದ ಬಿಚ್ಚಿ ಬದಿಗಿಟ್ಟರು. ಈಗ ಸ್ಟೀರಿಂಗಿಗೂ ಚಕ್ರಕ್ಕೂ ಸಂಬಂಧ ಇಲ್ಲ. ಒಂದು ಬೆರಳಿನಲ್ಲಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರು. ನಡುವೆ ಸಲೀಸು, ಅರ್ಧ ಸುತ್ತು ಆಚೆ ಹೋದರೆ ಹಿಡಿತ. ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ಬಿಟ್ಟು ಲಾಕ್ ನಟ್ ಹಾಕಿದರು. ನಡುವೆ ಸ್ವಲ್ಪ ಪ್ಲೇ ಬಂತು. "ಇರಲಿ, ಅದು ಇರಬೇಕು. ಒಳಗಿನ ಸಾಮಾನು ಬದಲಾಯಿಸೋ ತನಕ ಇದೇ ನ್ಯಾಯ," ಅಂದರು. ಬಾಕ್ಸಿನ ಬೋಲ್ಟ್ ಬಿಗಿಯುವಾಗ ಕಾಲಮ್ ವಾರೆಯಾಗಿ ಕೂತಿದ್ದರೂ ಹೀಗೇ ಹಿಡಿಯುತ್ತದೆ ಅಂತ ಡ್ಯಾಶ್ ಬೋರ್ಡಿನ ಕೆಳಗಿನ ಕ್ಲಾಂಪನ್ನೂ ಒಮ್ಮೆ ಸಡಿಲಿಸಿ, ಕಾಲಮ್ಮನ್ನು ಅದರ ಪಾಡಿಗೆ ಕೂರಲು ಬಿಟ್ಟು ಮತ್ತೆ ಬಿಗಿದರು.

ಅದೇ ಹೊತ್ತಿನಲ್ಲಿ ಟೈ ರಾಡುಗಳನ್ನೂ ಬಿಚ್ಚಿ, ಚಕ್ರ ಎತ್ತಿ, ಒಂದೊಂದು ಕಡೆಯ ನಕಲ್ಲನ್ನು (ಕಿಂಗ್ ಪಿನ್ನಿನ ಮೇಲೆ ತಿರುಗುವ, ಚಕ್ರ ಕೂರುವ ತುಂಡು) ಕೈಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದೆವು. ಎಡಗಡೆಯದು ಎಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಬಲಗಡೆಯದು ಬಿಗಿ. ಬಿಗಿ ಇರುವುದು ಸರಿಯೇ, ಈ ಬೇರಿಂಗುಗಳಿಗೆ ಸ್ವಲ್ಪ ಒತ್ತಡ ಇರಲೇಬೇಕು. ಆದರೆ ಇದು ಸರಿಯಾಗಿ ನಡುವೆ ಬಂದಾಗ ಕಟಕ್ ಅಂತ ಒಂದು ಗುಂಡಿಗೆ ಬೀಳುತ್ತಿತ್ತು. ಬಿಚ್ಚಿದಾಗ ಕಂಡಿತು. ಕೆಳಗಿನ ಬೇರಿಂಗಿನ ಬಟ್ಟಲಿನಲ್ಲಿ ರೋಲರುಗಳ ಅಚ್ಚು ಸಾಲಾಗಿ ಮೂಡಿತ್ತು. ಕಿಂಗ್ ಪಿನ್ ಬೇರಿಂಗು ಪೂರ್ತಿ ಸುತ್ತುವುದಿಲ್ಲ. ಅಲ್ಲಲ್ಲೇ ಚೂರು ಆಡುತ್ತಿರುತ್ತದೆ. ವರ್ಷಗಟ್ಟಲೆ ಗುಂಡಿಯ ಏಟು ಒಂದೇ ಜಾಗಕ್ಕೆ ಬಿದ್ದು, ರೋಲರುಗಳು ಅಲ್ಲೇ ಗೂಡು ಕಟ್ಟಿಕೊಂಡಿದ್ದವು. ಹಳ್ಳದ ನೀರು ಒಳಗೆ ಹೋಗಿ ಮೇಲಿನ ಬೇರಿಂಗಿನಲ್ಲಿ ತುಕ್ಕು ಬೇರೆ.

ಈ ಗೂಡಿನಿಂದ ಏನಾಗುತ್ತದೆ ನೋಡಿ. ನೇರ ಹೋಗುವಾಗ ಚಕ್ರ ಗೂಡಿನಲ್ಲಿ ಕೂತಿರುತ್ತದೆ. ಚೂರೇ ಚೂರು ತಿರುಗಿಸಬೇಕಾದಾಗ ಅದು ಬಿಡುವುದಿಲ್ಲ. ನೀವು ಇನ್ನಷ್ಟು ತಿರುಗಿಸುತ್ತೀರಿ. ಆಗ ಗೂಡಿನಿಂದ ಹಾರಿ ಬೇಕಾದ್ದಕ್ಕಿಂತ ಆಚೆ ಹೋಗುತ್ತದೆ. "ಮೊದಲು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಜಾಸ್ತಿ" ಅಂದೆನಲ್ಲ, ಅದರ ಮೂಲ ಇದು. ಈ ಬೇರಿಂಗಿನ ಒತ್ತಡ ಹೊಂದಿಸುವುದು ಮುಚ್ಚಳದ ಕೆಳಗಿನ ಶಿಮ್ಮುಗಳಿಂದ, ಅಂದರೆ ತೆಳು ತಗಡುಗಳಿಂದ. ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಮೇಲೂ ಕೆಳಗೂ ಹೆಚ್ಚು ಕಡಿಮೆ ಸಮ ಇಡಬೇಕು, ಇಲ್ಲದಿದ್ದರೆ ಒಳಗಿನ ಗೋಳ ನಡು ತಪ್ಪುತ್ತದೆ. ಆಟ ಕಂಡ ಕೂಡಲೇ ಶಿಮ್ ಕಿತ್ತು ಬಿಗಿ ಮಾಡಿದವರು ಇದಕ್ಕೂ ಹಿಂದೆ ಯಾರೋ ಇದ್ದರು ಅಂತ ಕಾಣುತ್ತದೆ. ಬಲಗಡೆ ಮೇಲೆ ಒಂದೂ ಉಳಿದಿರಲಿಲ್ಲ. ಹೊಸ ಬೇರಿಂಗ್, ಬಟ್ಟಲು, ಸೀಲು ಎರಡೂ ಕಡೆ ಹಾಕಿದೆವು. ಒತ್ತಡ ಎಷ್ಟಿರಬೇಕು ಅನ್ನುವುದಕ್ಕೆ ಮೇಸ್ತ್ರಿ ಮೀನಿನ ಅಂಗಡಿಯಲ್ಲಿ ಇರುವಂಥ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ನಕಲ್ಲಿನ ತೋಳಿಗೆ ಸಿಕ್ಕಿಸಿ ಎಳೆದು, ಎರಡೂ ಕಡೆ ಒಂದೇ ತೂಕಕ್ಕೆ ತಿರುಗುವ ಹಾಗೆ ಮಾಡಿದರು.

ಕ್ಯಾಸ್ಟರ್ ಅಂದೆ, ಅದನ್ನು ಹೇಳಲಿಲ್ಲ. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ. ಅದು ನೆಟ್ಟಗಿಲ್ಲ, ಮೇಲ್ಭಾಗ ಸವಾರನ ಕಡೆ ಹಿಂದಕ್ಕೆ ಒರಗಿದೆ. ಓಡುವ ಸೈಕಲ್ಲು ಕೈ ಬಿಟ್ಟರೂ ನೇರ ಹೋಗುವುದಕ್ಕೆ ಆ ಒರಗೂ ಒಂದು ಕಾರಣ. ಜೀಪಿನ ಕಿಂಗ್ ಪಿನ್ನಿಗೂ ಹಾಗೇ ಒರಗು ಬೇಕು. ಈ ಜೀಪುಗಳ ಲೆಕ್ಕ 3 ಡಿಗ್ರಿ. ಕಡಿಮೆಯಾದರೆ ಚಕ್ರಕ್ಕೆ ನೇರಕ್ಕೆ ಮರಳುವ ಆಸೆಯೇ ಇರುವುದಿಲ್ಲ. ಸ್ಟೀರಿಂಗ್ ಹಗುರವಾಗಿರುತ್ತದೆ, ಕೆಲವರು ಅದನ್ನೇ ಮೆಚ್ಚುತ್ತಾರೆ.

ನನಗಿಂತ ಮೊದಲಿನ ಮಾಲೀಕರು ಜೀಪು ಎತ್ತರ ಕಾಣಲಿ ಅಂತ ಮುಂದೆ ಉದ್ದದ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿದ್ದರು. ಈಗಿನ ಫ್ಯಾಷನ್ ಅದು. ಈ ಜೀಪಿನಲ್ಲಿ ಮುಂದಿನ ಪಟ್ಟಿಯ ಶ್ಯಾಕಲ್ ಇರುವುದು ಪಟ್ಟಿಯ ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪಟ್ಟಿಯ ಹಿಂತುದಿ ಚಾಸಿಯ ಜೊತೆ ಮೇಲೇರುತ್ತದೆ, ಮುಂತುದಿ ಕೆಳಗೆ ಉಳಿಯುತ್ತದೆ. ಪಟ್ಟಿಯ ಮೇಲೆ ಕೂತ ಹೌಸಿಂಗೂ ಮುಂದಕ್ಕೆ ಬಗ್ಗುತ್ತದೆ. ಒರಗು ಹೋಯಿತು. ಎರಡಿಂಚು ಎತ್ತರಕ್ಕೆ ಕೊಟ್ಟ ಬೆಲೆ ಅದು. ಹಿಂದೆ ಭಾರಕ್ಕೆಂದು ಜಾಸ್ತಿ ಪಟ್ಟಿ ಸೇರಿಸಿದರೂ ಇದೇ ಕಥೆ, ಹಿಂಭಾಗ ಏರಿದಷ್ಟು ಮೂತಿ ಇಳಿಯುತ್ತದೆ. 80 ಇಂಚಿನ ಗಾಡಿಯಲ್ಲಿ ಹಿಂಭಾಗ 35 ಮಿಲಿಮೀಟರ್ ಏರಿದರೆ ಒಂದು ಡಿಗ್ರಿ ಹೋದ ಹಾಗೆ. ಇರುವುದೇ ಮೂರು.

ಅಳೆಯಲು ಈಗ ಮೊಬೈಲ್ ಸಾಕು. ಸಮತಟ್ಟಾದ ಕಾಂಕ್ರೀಟ್ ಮೇಲೆ ಗಾಡಿ ನಿಲ್ಲಿಸಿ, ಚಕ್ರ ನೇರ ಮಾಡಿ, ಕಿಂಗ್ ಪಿನ್ನಿನ ಮೇಲಿನ ಮುಚ್ಚಳದ ಸಪಾಟು ಜಾಗ ಒರೆಸಿ, ಮೊಬೈಲನ್ನು ಗಾಡಿಯ ಉದ್ದಕ್ಕೆ ಇಟ್ಟು ಲೆವೆಲ್ ಆ್ಯಪಿನಲ್ಲಿ ಕೋನ ನೋಡಿ. ನೆಲವೇ ಇಳಿಜಾರಾಗಿದ್ದರೆ ಅದನ್ನು ಕಳೆಯಬೇಕು. ನನ್ನದರಲ್ಲಿ ಒಂದು ಡಿಗ್ರಿಯೂ ಇರಲಿಲ್ಲ. ಅಳೆಯುವ ರಗಳೆ ಬೇಡ ಅನ್ನುವವರಿಗೆ ಕಾಫಿ ಸೀಮೆಯ ಪರೀಕ್ಷೆ ಒಂದಿದೆ. ಹಿಂದಿನ ತುದಿಯಲ್ಲಿ 50 ಕೆಜಿಯ ಮೂರ್ನಾಲ್ಕು ಕಾಫಿ ಚೀಲ ಹಾಕಿ ಓಡಿಸಿ. ಹಿಂಭಾಗ ಕುಗ್ಗಿ ಒರಗು ಜಾಸ್ತಿಯಾಗುತ್ತದೆ. ಖಾಲಿ ಇದ್ದಾಗಿಗಿಂತ ಗಾಡಿ ನೇರ ಹೋದರೆ ಕ್ಯಾಸ್ಟರ್ ಕಮ್ಮಿ ಅಂತಲೇ ಲೆಕ್ಕ. ಲೋಡ್ ಇದ್ದಾಗ ಜೀಪು ಚೆನ್ನಾಗಿ ಹೋಗುತ್ತೆ ಅಂತ ಡ್ರೈವರುಗಳು ಹೇಳುವುದನ್ನು ಕೇಳಿರುತ್ತೀರಿ. ಸುಮ್ನೆ ಹೇಳುವ ಮಾತಲ್ಲ ಅದು.

ಪರಿಹಾರಕ್ಕೆ ಬೆಣೆಯಾಕಾರದ ಪ್ಲೇಟು ಸಿಗುತ್ತದೆ, ಪಟ್ಟಿಗೂ ಹೌಸಿಂಗಿಗೂ ನಡುವೆ ಇಡುವುದು. ಪಟ್ಟಿ ಹೌಸಿಂಗಿನ ಕೆಳಗಿರುವ ಈ ಜೀಪಿನಲ್ಲಿ ಬೆಣೆಯ ದಪ್ಪ ತುದಿ ಮುಂದಕ್ಕೆ ಬರಬೇಕು. ಉಲ್ಟಾ ಇಟ್ಟರೆ ಇರುವುದೂ ಹೋಗುತ್ತದೆ. ಆದರೆ ಬೆಣೆಗೂ ಒಂದು ಮಿತಿ ಇದೆ. ಹೌಸಿಂಗನ್ನು ಹಿಂದಕ್ಕೆ ಒರಗಿಸಿದಷ್ಟೂ ಅದರ ಹಿಂದಿರುವ ಪಿನಿಯನ್ (ಶಾಫ್ಟ್ ಬಂದು ಸೇರುವ ಗೇರು) ಕೆಳಗಿಳಿದು, ಮುಂದಿನ ಚಕ್ರಗಳಿಗೆ ಬಲ ತರುವ ಪ್ರೊಪೆಲರ್ ಶಾಫ್ಟಿನ ಜಾಯಿಂಟು ಜಾಸ್ತಿ ಮಡಚಿಕೊಳ್ಳುತ್ತದೆ. ಫೋರ್ ವೀಲ್ ಹಾಕಿದಾಗ ಗಡಗಡ ಅನ್ನತೊಡಗುತ್ತದೆ. ನಾನು ಬೆಣೆಗೆ ಹೋಗಲಿಲ್ಲ. ಉದ್ದದ ಶ್ಯಾಕಲ್ ಕಿತ್ತು ಹಳೇ ಅಳತೆಯದನ್ನು ಹಾಕಿಸಿದೆ. ಎರಡೂವರೆ ಡಿಗ್ರಿಗೆ ಬಂತು. ಜೀಪಿನ ಗತ್ತು ಕಮ್ಮಿಯಾಯಿತು ಅಂತ ಮನೆಯ ಹುಡುಗರಿಗೆ ಬೇಜಾರು.

ಎತ್ತರ ಮಾಡಿದ್ದರ ಇನ್ನೊಂದು ದಂಡ ಟೈ ರಾಡಿನದು. ಬೆಲ್ ಕ್ರ್ಯಾಂಕ್ ಚಾಸಿಯ ಮೇಲಿದೆ, ಚಕ್ರ ಹೌಸಿಂಗಿನಲ್ಲಿದೆ. ಚಾಸಿ ಎತ್ತಿದರೆ ರಾಡುಗಳು ಇಳಿಜಾರಾಗುತ್ತವೆ. ಹೌಸಿಂಗ್ ಮೇಲೆ ಕೆಳಗೆ ಆದಾಗಲೆಲ್ಲಾ ಅವು ಚಕ್ರವನ್ನು ಎಳೆದು ದೂಡಿ ಮಾಡುತ್ತವೆ. ನಿಂತ ಗಾಡಿಯ ಬಂಪರನ್ನು ಇಬ್ಬರು ಒತ್ತಿ ಒತ್ತಿ ಬಿಡಿ, ಇನ್ನೊಬ್ಬರು ಚಕ್ರದ ಅಂಚು ಗಮನಿಸಿ. ಅದು ಒಳಗೆ ಹೊರಗೆ ಆಡುತ್ತಿದ್ದರೆ ಗುಂಡಿಯಲ್ಲಿ ಗಾಡಿ ಹಾರುವುದು ಇದಕ್ಕೇ. ರಾಡು ನೆಲಕ್ಕೆ ಸಮನಾಗಿದ್ದಷ್ಟು ಒಳ್ಳೆಯದು.

ಟೋ-ಇನ್, ಅಂದರೆ ಮುಂದಿನ ಎರಡು ಚಕ್ರಗಳ ಮೂತಿ ಚೂರು ಒಳಕ್ಕೆ ತಿರುಗಿರುವುದು, ಅದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಈ ಜೀಪಿನ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಚಕ್ರ ಎತ್ತಿ ತಿರುಗಿಸುತ್ತಾ ಟಯರಿನ ನಡುವೆ ಸೀಮೆಸುಣ್ಣದ ಮೇಲೆ ಮೊಳೆಯಿಂದ ಗೆರೆ ಎಳೆಯಿರಿ. ಇಳಿಸಿ, ಗಾಡಿಯನ್ನು ಸ್ವಲ್ಪ ಮುಂದೆ ತಳ್ಳಿ. ಹಬ್ಬಿನ ಎತ್ತರದಲ್ಲಿ ಮುಂದೆ ಒಮ್ಮೆ, ಹಿಂದೆ ಒಮ್ಮೆ, ಗೆರೆಯಿಂದ ಗೆರೆಗೆ ಟೇಪ್ ಹಿಡಿಯಿರಿ. ಮುಂದಿನ ಅಳತೆ 1.2ರಿಂದ 2.4 ಮಿಲಿಮೀಟರಿನಷ್ಟು ಕಮ್ಮಿ ಇರಬೇಕು. ಮುಂದೆಯೇ ಜಾಸ್ತಿ ಇದ್ದರೆ ಎರಡೂ ಚಕ್ರ ಒಂದೊಂದು ಊರಿಗೆ ಹೊರಟಿವೆ ಅಂತ, ಗಾಡಿ ಅಲೆಯದೆ ಇರುವುದೇ ಇಲ್ಲ. ಆದರೆ ಇದು ಕೊನೆಯ ಕೆಲಸ. ಜಾಯಿಂಟುಗಳಲ್ಲಿ ಆಟ ಇರುವಾಗ ಅಳೆದ ಟೋ ನಿಮಿಷಕ್ಕೊಂದು ಬರುತ್ತದೆ. ಎರಡು ಟೈ ರಾಡಿನ ಜೀಪಿನಲ್ಲಿ ಬೆಲ್ ಕ್ರ್ಯಾಂಕನ್ನು ಮೊದಲು ನಡುವೆ ನಿಲ್ಲಿಸಿಕೊಂಡು ಆಮೇಲೆ ಒಂದೊಂದೇ ಚಕ್ರ ಹೊಂದಿಸಬೇಕು, ಇಲ್ಲದಿದ್ದರೆ ಒಂದು ಕಡೆ ಜಾಸ್ತಿ ತಿರುಗಿ ಇನ್ನೊಂದು ಕಡೆ ಕಮ್ಮಿ ತಿರುಗುತ್ತದೆ.

ಹಿಂಭಾಗವನ್ನು ಯಾರೂ ಅನುಮಾನಿಸುವುದಿಲ್ಲ. ಸ್ಟೀರಿಂಗ್ ಇರುವುದು ಮುಂದೆ ತಾನೇ ಅಂತ. ಹಿಂದಿನ ಪಟ್ಟಿಯ ಬುಷ್ ಸವೆದಿದ್ದರೆ ಅಥವಾ ಪಟ್ಟಿಯನ್ನು ಹೌಸಿಂಗಿಗೆ ಕಟ್ಟುವ ಯು-ಬೋಲ್ಟ್ ಸಡಿಲಾಗಿ ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಹಿಂದಿನ ಹೌಸಿಂಗ್ ತನಗೆ ತೋಚಿದ ಹಾಗೆ ವಾರೆಯಾಗುತ್ತದೆ. ಆಗ ಗಾಡಿಯನ್ನು ತಿರುಗಿಸುವುದು ಹಿಂದಿನ ಚಕ್ರ, ನೀವಲ್ಲ. ಪಟ್ಟಿಯ ಮುಂದಿನ ಬೋಲ್ಟಿನಿಂದ ಹೌಸಿಂಗಿಗೆ ಎಡ ಬಲ ಎರಡೂ ಅಳೆಯಿರಿ, ಒಂದೇ ಬರಬೇಕು. ಮಳೆಗಾಲದಲ್ಲಾದರೆ ಟೇಪೂ ಬೇಡ. ಕೆಸರಿನ ಸಮತಟ್ಟು ಜಾಗದಲ್ಲಿ ನೇರ ಓಡಿಸಿ ಇಳಿದು ಜಾಡು ನೋಡಿ. ಹಿಂದಿನ ಚಕ್ರದ ಗುರುತು ಮುಂದಿನದರ ಮೇಲೆ ಬೀಳದೆ ಎರಡೂ ಕಡೆ ಒಂದೇ ದಿಕ್ಕಿಗೆ ಸರಿದಿದ್ದರೆ ಹೌಸಿಂಗ್ ವಾರೆ.

ಫೋರ್ ವೀಲ್ ಲಿವರ್ ಪೂರ್ತಿ ಬಿಟ್ಟಿದೆಯಾ ಅಂತಲೂ ನೋಡಿ. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಹೌಸಿಂಗುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ಡಾಂಬರಿನಲ್ಲಿ ಫೋರ್ ವೀಲ್ ಹಾಕಿಯೇ ಓಡಿಸಿದರೆ ತಿರುವಿನಲ್ಲಿ ಎರಡೂ ಒಂದಕ್ಕೊಂದು ಜಗ್ಗಾಡುತ್ತವೆ, ಸ್ಟೀರಿಂಗ್ ಕಲ್ಲಿನ ಹಾಗೆ ಆಗುತ್ತದೆ. ಕೆಸರಿನಿಂದ ರೋಡಿಗೆ ಬಂದು ಮರೆಯುವವರು ಬಹಳ.

ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಅದು ಇರುವುದು ಗುಂಡಿಗೆ ಬಿದ್ದಾಗ ಚಕ್ರ ನಡುಗುವುದನ್ನು ತಡೆಯಲು. ಅಲೆತ ಬೇರೆ, ನಡುಕ ಬೇರೆ. ಸವೆದ ಜಾಯಿಂಟುಗಳ ಮೇಲೆ ಡ್ಯಾಂಪರ್ ಹಾಕಿದರೆ ರೋಗ ಮುಚ್ಚಿಹೋಗುತ್ತದೆ, ಸವೆತ ಒಳಗೊಳಗೇ ಮುಂದುವರಿಯುತ್ತದೆ. ಪವರ್ ಸ್ಟೀರಿಂಗೂ ಹಾಗೇ. ಬೇರೆ ಗಾಡಿಯ ಬಾಕ್ಸ್ ತಂದು ಕೂರಿಸುತ್ತಾರೆ, ಸಂತೆಯಲ್ಲಿ ಪಾರ್ಕ್ ಮಾಡುವಾಗ ಸ್ವರ್ಗ. ಆದರೆ ಗೂಡು ಬಿದ್ದ ಕಿಂಗ್ ಪಿನ್ ಬೇರಿಂಗಿಗೆ ಅದು ಮದ್ದಲ್ಲ. ಚಕ್ರ ಸಿಕ್ಕಿಕೊಂಡಿದೆ ಅಂತ ಕೈಗೆ ತಿಳಿಯುತ್ತಿದ್ದದ್ದೂ ತಿಳಿಯದ ಹಾಗೆ ಆಗುತ್ತದೆ ಅಷ್ಟೇ.

ನನ್ನ ಜೀಪು ಈಗ ಮೈದಾನದಲ್ಲಿ ಕೈ ಬಿಟ್ಟರೆ ತಾನೇ ನೇರಕ್ಕೆ ಬರುತ್ತದೆ. ಸ್ಟೀರಿಂಗಿನಲ್ಲಿ ಒಂದಿಂಚು ಪ್ಲೇ ಇದೆ, ಮೊದಲು ಇದ್ದದ್ದಕ್ಕಿಂತ ಚೂರು ಜಾಸ್ತಿಯೇ. ನೋಡಿದವರು ಇವತ್ತಿಗೂ "ಬಾಕ್ಸ್ ಟೈಟ್ ಮಾಡಿಸಿ" ಅನ್ನುತ್ತಾರೆ. ಲಾರಿ ಪಕ್ಕದಲ್ಲಿ ಹೋದಾಗ ಗಾಳಿಗೆ ಈಗಲೂ ವಾಲುತ್ತದೆ, ಅದು ಗಾಡಿಯ ಹುಟ್ಟುಗುಣ. ಬಾಕ್ಸಿನ ಒಳಸಾಮಾನು ಬೆಂಗಳೂರಿನ ಜೆಸಿ ರೋಡಿನಲ್ಲಿ ವಿಚಾರಿಸಿದ್ದೇನೆ. ಹಿಂದಿನ ಬಲಗಡೆ ಬುಷ್ಷಿನಲ್ಲಿ ಸ್ವಲ್ಪ ಆಟ ಇದೆ. ಕಾಫಿ ಕುಯ್ಲು ಮುಗಿಯುವ ತನಕ ಗಾಡಿ ನಿಲ್ಲಿಸುವ ಹಾಗಿಲ್ಲ, ಅದಾದ ಮೇಲೆ ಎರಡನ್ನೂ ಒಟ್ಟಿಗೇ ಮಾಡಿಸುವುದು.